ಇಂಜಿನಿಯರ್ ಕೂಲಂಬ್

ಭೌತಶಾಸ್ತ್ರವನ್ನು ಓದುವ ನಾವು ಎಷ್ಟೋ ಮಹನೀಯರ ಹೆಸರುಗಳನ್ನು ದಿನವೂ ಉಚ್ಚರಿಸುತ್ತೇವೆ. ಅವು ಮನುಷ್ಯರ ಹೆಸರುಗಳೆಂಬುದು ಮಾತ್ರ ನಮಗೆ ಮರೆತುಹೋಗಿರುತ್ತದೆ. ವೋಲ್ಟ್ ಎಂದರೆ ಮನೆಯ ಮೀಟರಿನ ಮೇಲೆ ಬರೆದಿರುವ 230. ಆಂಪೇರ್ ಎಂದರೆ ಫ್ಯೂಸ್ ತಂತಿ ಕೊಳ್ಳಲು ಹೋದಾಗ ಅಂಗಡಿಯವರು ಕೇಳುವ ಪ್ರಶ್ನೆ. ವಾಟ್ ಎಂದರೆ ದೀಪದ ಬುರುಡೆ. ಈ ಗುಂಪಿನಲ್ಲಿ ಕೂಲಂಬ್ ಎಂಬ ಹೆಸರೊಂದು ಪರೀಕ್ಷೆಯ ಕೊಠಡಿಯನ್ನು ದಾಟಿ ಹೊರಗೆ ಬಂದದ್ದು ಕಡಮೆ. ಕೂಲಂಬ್ ವಿದ್ಯುದಾವೇಶದ ಏಕಮಾನ; ಒಂದು ಆಂಪೇರ್ ಪ್ರವಾಹವು ಒಂದು ಸೆಕೆಂಡಿನಲ್ಲಿ ಸಾಗಿಸುವ ಆವೇಶವೇ ಒಂದು ಕೂಲಂಬ್. ಇಷ್ಟನ್ನು ಬರೆದು, ಸಿಕ್ಕುವ ಎರಡು ಅಂಕಗಳನ್ನು ಪಡೆದು ನಾವು ಮುಂದಕ್ಕೆ ಹೋಗುತ್ತೇವೆ.

ಆ ಹೆಸರಿನ ಹಿಂದಿರುವ ಮನುಷ್ಯನು ಪ್ರಾಧ್ಯಾಪಕನಾಗಿರಲಿಲ್ಲ. ಅವನು ಫ್ರಾನ್ಸ್ ದೇಶದ ಸೈನ್ಯದಲ್ಲಿ ಕೋಟೆ ಕಟ್ಟಿಸುತ್ತಿದ್ದ ಇಂಜಿನಿಯರು. ವಿದ್ಯುತ್ತಿನ ವಿಷಯವಾಗಿ ಅವನ ಮೊದಲನೆಯ ಪ್ರಬಂಧವು ವಿದ್ವಾಂಸರ ಮುಂದೆ ಬಂದಾಗ ಅವನಿಗೆ ಆಗಲೇ 49 ವರ್ಷ. ಅಲ್ಲಿಯವರೆಗೆ ಅವನ ಆಯುಷ್ಯ ಕಳೆದದ್ದು ಮಣ್ಣು, ಕಲ್ಲು, ಮರ, ಹಗ್ಗ ಇವುಗಳ ನಡುವೆ. ವಿದ್ಯುತ್ತಿನ ನಿಯಮವು ಅವನಿಗೆ ಯಾವುದೋ ಸ್ಫೂರ್ತಿಯ ಮಿಂಚಿನಂತೆ ಹೊಳೆದದ್ದಲ್ಲ. ಕೋಟೆಯ ಗೋಡೆಯಿಂದ ಹಡಗಿನ ಹಗ್ಗಕ್ಕೆ, ಹಗ್ಗದಿಂದ ದಿಕ್ಸೂಚಿಯ ದಾರಕ್ಕೆ, ದಾರದಿಂದ ಬೆಳ್ಳಿಯ ತಂತಿಗೆ, ಹೀಗೆ ನಡೆದು ಬಂದ ದಾರಿಯಲ್ಲಿ ಸಿಕ್ಕಿದ್ದು. ಆ ದಾರಿಯನ್ನು ಸಹಪಾಠಿಗಳಿಗೆ ತೋರಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಚಾರ್ಲ್ಸ್ ಆಗಸ್ಟಿನ್ ಕೂಲಂಬನು 1736ನೆಯ ಇಸವಿ ಜೂನ್ 14ರಂದು ಫ್ರಾನ್ಸಿನ ನೈಋತ್ಯ ಭಾಗದಲ್ಲಿರುವ ಅಂಗುಲೇಮ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಹೆನ್ರಿ ಕೂಲಂಬ್ ಮಾಂಪೆಲಿಯೆ ಕಡೆಯವನು; ತಾಯಿ ಕ್ಯಾಥರೀನ್. ಸಂಸಾರವು ಪ್ಯಾರಿಸಿಗೆ ಬಂದು ನೆಲೆಸಿತು. ಹುಡುಗನು ಮಜಾರಿನ್ ಕಾಲೇಜಿನಲ್ಲಿ ಭಾಷೆ, ತತ್ತ್ವಶಾಸ್ತ್ರ, ಗಣಿತಗಳನ್ನು ಕಲಿತನು. ಲ ಮೋನಿಯೇ ಎಂಬ ಖಗೋಳಶಾಸ್ತ್ರಜ್ಞನ ಉಪನ್ಯಾಸಗಳನ್ನು ಕೇಳಿ ಗಣಿತದ ಹುಚ್ಚು ಹಿಡಿಸಿಕೊಂಡನು. ತಾಯಿಗೆ ಮಗನು ವೈದ್ಯನಾಗಬೇಕೆಂಬ ಆಸೆ. ಮಗನಿಗೆ ಗಣಿತವಲ್ಲದೆ ಬೇರೆ ಬೇಡ. ಇದೇ ಹೊತ್ತಿಗೆ ತಂದೆಯು ಹಣದ ವ್ಯವಹಾರದಲ್ಲಿ ಕೈಸುಟ್ಟುಕೊಂಡು ತನ್ನ ಊರಾದ ಮಾಂಪೆಲಿಯೆಗೆ ಹಿಂದಿರುಗಿದ್ದನು. ತಾಯಿ ಮಗನ ಜಗಳ ಬೆಳೆದು, ತಾಯಿಯು ಅವನು ತನ್ನ ಮಗನೇ ಅಲ್ಲವೆನ್ನುವ ಮಟ್ಟಕ್ಕೆ ಹೋಗಿ, ಅವನು ತಂದೆಯ ಬಳಿಗೆ ಹೊರಟನು. ವೈದ್ಯವೃತ್ತಿಗೂ ಇಂಜಿನಿಯರಿಂಗಿಗೂ ಮಧ್ಯೆ ಸಿಕ್ಕಿ ಮನೆಯವರೊಡನೆ ಮುನಿಸಿಕೊಂಡವರು ನಮ್ಮಲ್ಲಿಯೂ ಉಂಟು. ಆದುದರಿಂದ ಇದನ್ನು ವಿಸ್ತರಿಸಬೇಕಾಗಿಲ್ಲ.

ಮಾಂಪೆಲಿಯೆಯಲ್ಲಿ ಒಂದು ವಿಜ್ಞಾನ ಸಂಘವಿತ್ತು. 1757ರಲ್ಲಿ ಆ ಸಂಘವು ಇಪ್ಪತ್ತೊಂದು ವರ್ಷವೂ ತುಂಬದ ಈ ಯುವಕನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ಗಣಿತ, ಖಗೋಳ ವಿಷಯಗಳ ಮೇಲೆ ಅವನು ಅಲ್ಲಿ ಕೆಲವು ಪ್ರಬಂಧಗಳನ್ನು ಓದಿದನು. ಆದರೆ ಪ್ರಬಂಧ ಓದಿದರೆ ಹೊಟ್ಟೆ ತುಂಬುವುದಿಲ್ಲ. ಹಣವಿಲ್ಲದ, ಬುದ್ಧಿಯಿರುವ ಮಧ್ಯಮ ವರ್ಗದ ತರುಣನಿಗೆ ಆಗಿನ ಫ್ರಾನ್ಸಿನಲ್ಲಿ ಗೌರವದ ಜೀವನೋಪಾಯವೆಂದರೆ ಸೈನ್ಯದ ಇಂಜಿನಿಯರ್ ದಳ. ಕೂಲಂಬನು 1760ರಲ್ಲಿ ಮೆಜಿಯೇರ್ ಎಂಬಲ್ಲಿದ್ದ ಸೈನಿಕ ಇಂಜಿನಿಯರಿಂಗ್ ಶಾಲೆಯನ್ನು ಸೇರಿ, ಮರುವರ್ಷದ ಕೊನೆಗೆ ಲೆಫ್ಟಿನೆಂಟ್ ಆಗಿ ಹೊರಬಂದನು. ಆ ಕಾಲಕ್ಕೆ ಯೂರೋಪಿನಲ್ಲಿ ಅದಕ್ಕಿಂತ ಮೇಲಾದ ಇಂಜಿನಿಯರಿಂಗ್ ಶಾಲೆಯಿರಲಿಲ್ಲವೆನ್ನಬಹುದು.

ಮೊದಲು ಬ್ರೆಸ್ಟ್ ಬಂದರಿನಲ್ಲಿ ಕೆಲಸ. ಆಮೇಲೆ 1764ರಲ್ಲಿ ಸಮುದ್ರದಾಚೆಯ ಮಾರ್ಟಿನಿಕ್ ದ್ವೀಪಕ್ಕೆ ವರ್ಗವಾಯಿತು. ವೆಸ್ಟ್ ಇಂಡೀಸಿನ ಈ ಸಕ್ಕರೆಯ ದ್ವೀಪವನ್ನು ಇಂಗ್ಲಿಷರು 1762ರಲ್ಲಿ ಹಿಡಿದುಕೊಂಡಿದ್ದರು. ಮರುವರ್ಷದ ಒಪ್ಪಂದದಲ್ಲಿ ಫ್ರೆಂಚರಿಗೆ ಹಿಂದಕ್ಕೆ ಕೊಟ್ಟರು. ಇನ್ನೊಮ್ಮೆ ಹಾಗಾಗಬಾರದೆಂದು ಫ್ರೆಂಚರು ಬಂದರಿನ ಮೇಲಣ ಬೆಟ್ಟದ ನೆತ್ತಿಯಲ್ಲಿ ಬೂರ್ಬನ್ ಕೋಟೆ ಎಂಬ ದೊಡ್ಡ ಕೋಟೆಯನ್ನು ಕಟ್ಟಲು ನಿಶ್ಚಯಿಸಿದರು. ಇಪ್ಪತ್ತೇಳು ಇಪ್ಪತ್ತೆಂಟರ ಕೂಲಂಬನ ಮೇಲೆ ಆ ಕೋಟೆಯ ಹೊರೆ ಬಿದ್ದಿತು. ಒಮ್ಮೊಮ್ಮೆ ಅವನ ಕೈಕೆಳಗೆ ಸಾವಿರಕ್ಕೂ ಮೇಲ್ಪಟ್ಟ ಕೂಲಿಯಾಳುಗಳಿರುತ್ತಿದ್ದರು. ಬಿಸಿಲು, ಜ್ವರ, ಸಾವು. ಕೂಲಂಬನು ತಾನೂ ಹಲವು ಬಾರಿ ಮರಣಶಯ್ಯೆಯ ಹತ್ತಿರಕ್ಕೆ ಹೋಗಿ ಬಂದನು. ಎಂಟು ವರ್ಷಗಳ ಮೇಲೆ, 1772ರಲ್ಲಿ, ಫ್ರಾನ್ಸಿಗೆ ಹಿಂದಿರುಗುವ ಹೊತ್ತಿಗೆ ಅವನ ದೇಹಸ್ಥಿತಿ ಕೆಟ್ಟಿತ್ತು. ಅದು ಮತ್ತೆ ಎಂದೂ ಪೂರ್ತಿಯಾಗಿ ಸರಿಹೋಗಲಿಲ್ಲ.

ಆದರೆ ನನ್ನ ಅಭಿಪ್ರಾಯದಲ್ಲಿ ಅವನು ವಿಜ್ಞಾನಿಯಾದದ್ದು ಪ್ಯಾರಿಸಿನಲ್ಲಲ್ಲ, ಈ ಬೆಟ್ಟದ ಮೇಲೆಯೇ. ಇಳಿಜಾರಿನಲ್ಲಿ ಕೋಟೆಯನ್ನು ಕಟ್ಟುವಾಗ ಮಣ್ಣನ್ನು ತಡೆದು ನಿಲ್ಲಿಸಲು ಗೋಡೆ ಬೇಕು. ಗೋಡೆ ತೆಳುವಾದರೆ ಮಳೆಗಾಲದಲ್ಲಿ ಮಣ್ಣು ಅದನ್ನು ನೂಕಿ ಕೆಡವುತ್ತದೆ. ದಪ್ಪವಾದರೆ ರಾಜನ ಬೊಕ್ಕಸ ಖಾಲಿಯಾಗುತ್ತದೆ. ಎಷ್ಟು ದಪ್ಪವಿರಬೇಕು? ಹಿಂದಿನವರು ರೂಢಿಯ ಸೂತ್ರಗಳನ್ನು ಹಿಡಿದು ಕಟ್ಟುತ್ತಿದ್ದರು. ಕೂಲಂಬನು ಬೇರೆ ರೀತಿಯಲ್ಲಿ ಯೋಚಿಸಿದನು. ಗೋಡೆಯ ಹಿಂದೆ ಮಣ್ಣು ಜಾರಿದರೆ ಅದು ಬೆಣೆಯಾಕಾರದ ಒಂದು ತುಂಡಾಗಿ ಜಾರುತ್ತದೆ. ಆ ಬೆಣೆಯ ಇಳಿಜಾರು ಯಾವ ಕೋನದಲ್ಲಿ ಬೇಕಾದರೂ ಇರಬಹುದು. ಮಣ್ಣಿನ ಅಂಟು ಮತ್ತು ಘರ್ಷಣೆ ಜಾರುವುದನ್ನು ತಡೆಯುತ್ತವೆ. ಎಲ್ಲಾ ಕೋನಗಳಲ್ಲಿ ಯಾವುದು ಗೋಡೆಯ ಮೇಲೆ ಅತ್ಯಧಿಕ ಒತ್ತಡವನ್ನು ತರುತ್ತದೆಯೋ ಅದನ್ನು ಕಲನಶಾಸ್ತ್ರದಿಂದ ಕಂಡುಹಿಡಿದು, ಗೋಡೆಯನ್ನು ಅದಕ್ಕೆ ತಕ್ಕಂತೆ ಕಟ್ಟಬೇಕು. ನಾವು ತರಗತಿಯಲ್ಲಿ ಗರಿಷ್ಠ ಕನಿಷ್ಠಗಳ ಲೆಕ್ಕಗಳನ್ನು ಮಾಡುವಾಗ ಇವೆಲ್ಲ ಯಾತಕ್ಕೆ ಎಂದು ಗೊಣಗುತ್ತೇವಷ್ಟೆ; ಒಂದು ಉತ್ತರ ಇಲ್ಲಿದೆ. ಫ್ರಾನ್ಸಿಗೆ ಬಂದ ಮರುವರ್ಷ, 1773ರಲ್ಲಿ, ಈ ವಿಚಾರಗಳನ್ನೂ ತೊಲೆ, ಕಂಬ, ಕಮಾನುಗಳ ಬಲದ ವಿಷಯವನ್ನೂ ಸೇರಿಸಿ ಅವನು ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಒಂದು ಪ್ರಬಂಧವನ್ನು ಒಪ್ಪಿಸಿದನು. ಅದು 1776ರಲ್ಲಿ ಅಚ್ಚಾಯಿತು. ಸಿವಿಲ್ ಇಂಜಿನಿಯರಿಂಗ್ ಓದುವ ನಮ್ಮ ಗೆಳೆಯರನ್ನು ಕೇಳಿದರೆ ಮಣ್ಣಿನ ಒತ್ತಡದ ಅಧ್ಯಾಯದಲ್ಲಿ ಕೂಲಂಬನ ಹೆಸರು ಇಂದಿಗೂ ಇದೆಯೆಂದು ಹೇಳುತ್ತಾರೆ. ಅವರಿಗೆ ಅವನು ಮಣ್ಣಿನ ಕೂಲಂಬ್; ನಮಗೆ ವಿದ್ಯುತ್ತಿನ ಕೂಲಂಬ್; ಇಬ್ಬರೂ ಒಬ್ಬನೇ ಎಂಬುದು ಎರಡು ಕಡೆಯವರಿಗೂ ಸಾಮಾನ್ಯವಾಗಿ ತಿಳಿದಿರುವುದಿಲ್ಲ.

ಮುಂದಿನ ಕೆಲವು ವರ್ಷಗಳು ಊರಿಂದೂರಿಗೆ ವರ್ಗವಾಗುತ್ತಾ ಕಳೆದವು. 1779ರಲ್ಲಿ ರೋಷ್‌ಫೋರ್ ಬಂದರಿಗೆ ಹೋದಾಗ ಅಲ್ಲಿಯ ಹಡಗು ಕಟ್ಟುವ ಅಂಗಳವೇ ಅವನ ಪ್ರಯೋಗಶಾಲೆಯಾಯಿತು. ಒಂದರ ಮೇಲೊಂದು ಮರದ ಹಲಗೆಗಳನ್ನಿಟ್ಟು, ಭಾರವನ್ನು ಹೇರಿ, ಎಳೆದು ಎಳೆದು ಘರ್ಷಣೆಯನ್ನು ಅಳೆದನು. ಹಿಂದಿನವರು ಕೈಯಲ್ಲಿ ಹಿಡಿಯಬಹುದಾದ ತುಂಡುಗಳಿಂದ ಮಾಡಿದ್ದನ್ನು ಅವನು ಹಡಗಿಗೆ ತಕ್ಕ ಭಾರಗಳಿಂದ ಮಾಡಿದನು. ಘರ್ಷಣೆ ಮತ್ತು ಹಗ್ಗಗಳ ಬಿಗಿತವನ್ನು ಕುರಿತ ಆ ಪ್ರಬಂಧಕ್ಕೆ 1781ರಲ್ಲಿ ಅಕಾಡೆಮಿಯ ಮಹಾಬಹುಮಾನ ಬಂದಿತು; ಅದೇ ವರ್ಷ ಅವನು ಅಕಾಡೆಮಿಗೆ ಸದಸ್ಯನಾಗಿ ಆಯ್ಕೆಯಾದನು. ಅಲ್ಲಿಂದ ಮುಂದೆ ಪ್ಯಾರಿಸಿನಲ್ಲಿಯೇ ವಾಸ. ಊರಿಂದೂರಿಗೆ ಅಲೆದಾಟ ತಪ್ಪಿತು, ಅಳೆಯುವುದಕ್ಕೆ ಹೊತ್ತು ಸಿಕ್ಕಿತು.

ಇದಕ್ಕೆ ಮೊದಲೇ, 1777ರ ಸುಮಾರಿಗೆ, ಶೆರ್ಬೂರ್ ಬಂದರಿನಲ್ಲಿದ್ದಾಗ ಅವನು ಇನ್ನೊಂದು ಬಹುಮಾನವನ್ನು ಹಾಲೆಂಡಿನ ವಿದ್ವಾಂಸನೊಬ್ಬನೊಡನೆ ಹಂಚಿಕೊಂಡಿದ್ದನು. ವಿಷಯ ದಿಕ್ಸೂಚಿ. ನಾವಿಕರ ದಿಕ್ಸೂಚಿಯ ಸೂಜಿಯನ್ನು ಚೂಪಾದ ಮೊನೆಯ ಮೇಲೆ ಕೂರಿಸುತ್ತಾರೆ. ಆ ಮೊನೆಯ ಘರ್ಷಣೆಯಿಂದಾಗಿ ಭೂಮಿಯ ಕಾಂತತ್ವದ ದಿನದಿನದ ಸಣ್ಣ ಬದಲಾವಣೆಗಳು ಕಾಣುವುದಿಲ್ಲ. ಘರ್ಷಣೆಯ ಗುಣವನ್ನು ಬಲ್ಲ ಕೂಲಂಬನು ಮೊನೆಯನ್ನೇ ತೆಗೆದುಹಾಕಿ, ಸೂಜಿಯನ್ನು ಎಳೆಯೊಂದರಿಂದ ತೂಗುಹಾಕುವ ಮಾರ್ಗವನ್ನು ಸೂಚಿಸಿದನು. ಆದರೆ ತೂಗುಹಾಕಿದ ಎಳೆಯೂ ಸುಮ್ಮನಿರುವುದಿಲ್ಲ. ಸೂಜಿ ತಿರುಗಿದರೆ ಎಳೆಯು ತಿರುಚಿಕೊಳ್ಳುತ್ತದೆ, ತಿರುಚಿಕೊಂಡದ್ದು ಬಿಚ್ಚಿಕೊಳ್ಳಲು ಹವಣಿಸುತ್ತದೆ. ಈ ಹವಣಿಕೆ ಎಷ್ಟು? ದಾರದ ಈ ಸಣ್ಣ ತೊಂದರೆಯನ್ನು ಬೇರೆ ಯಾರಾದರೂ ಅಲಕ್ಷ್ಯ ಮಾಡಿಬಿಡುತ್ತಿದ್ದರೋ ಏನೋ. ಕೂಲಂಬನು ಅದನ್ನೇ ಹಿಡಿದು ಕುಳಿತನು.

ಏಳು ವರ್ಷಗಳ ನಂತರ, 1784ರಲ್ಲಿ, ಉತ್ತರ ಸಿದ್ಧವಾಗಿತ್ತು. ಲೋಹದ ತಂತಿಯ ತುದಿಯಲ್ಲಿ ಭಾರವನ್ನು ತೂಗುಹಾಕಿ, ಅದನ್ನು ತಿರುಗಿಸಿ ಬಿಟ್ಟು, ಹಿಂದಕ್ಕೂ ಮುಂದಕ್ಕೂ ಹೊರಳುವ ಕಾಲವನ್ನು ಎಣಿಸಿ ಅವನು ಕಂಡುಕೊಂಡದ್ದಿಷ್ಟು: ತಂತಿಯ ಪ್ರತಿರೋಧವು ತಿರುಚಿದ ಕೋನಕ್ಕೆ ಅನುಪಾತವಾಗಿರುತ್ತದೆ, ತಂತಿ ಉದ್ದವಾದಷ್ಟೂ ಕಡಮೆಯಾಗುತ್ತದೆ, ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಹೆಚ್ಚುತ್ತದೆ. ಎಂದರೆ ವ್ಯಾಸವನ್ನು ಅರ್ಧ ಮಾಡಿದರೆ ಪ್ರತಿರೋಧವು ಹದಿನಾರರಲ್ಲಿ ಒಂದಕ್ಕೆ ಇಳಿಯುತ್ತದೆ. ಕೂದಲಿನಂಥ ತಂತಿಯನ್ನು ತೆಗೆದುಕೊಂಡರೆ ಎಷ್ಟು ಸೂಕ್ಷ್ಮವಾದ ಬಲವನ್ನಾದರೂ ಅಳೆಯಬಹುದೆಂದಾಯಿತು. ಮೊದಲು ತೊಂದರೆಯಾಗಿದ್ದ ತಿರುಚು ಈಗ ತಕ್ಕಡಿಯಾಯಿತು.

ಈ ತಕ್ಕಡಿಯ ಕಥೆಗೆ ಹೋಗುವ ಮುನ್ನ, ಇದೇ ಕಾಲದ ಒಂದು ಪ್ರಸಂಗವನ್ನು ಹೇಳಲೇಬೇಕು. ಬ್ರಿಟನಿ ಪ್ರಾಂತ್ಯದಲ್ಲಿ ಕಾಲುವೆಗಳನ್ನೂ ಬಂದರುಗಳನ್ನೂ ಕಟ್ಟುವ ಭಾರಿ ಯೋಜನೆಯೊಂದು ಹುಟ್ಟಿತ್ತು. 1783ರಲ್ಲಿ ಅದನ್ನು ಪರೀಕ್ಷಿಸಲು ಕೂಲಂಬನನ್ನು ಕಳುಹಿಸಿದರು. ಅವನು ಹೋಗಿ ನೋಡಿ, ಲೆಕ್ಕ ಹಾಕಿ, ತಗಲುವ ವೆಚ್ಚಕ್ಕೆ ತಕ್ಕ ಪ್ರಯೋಜನವಿಲ್ಲವೆಂದು ವರದಿ ಮಾಡಿದನು. ಯೋಜನೆಯಲ್ಲಿ ಆಸಕ್ತರಾದ ದೊಡ್ಡವರಿಗೆ ಇದು ಹಿಡಿಸಲಿಲ್ಲ. ಮಂತ್ರಿಯ ಅಪ್ಪಣೆಯಿಲ್ಲದೆ ಹೋದನೆಂಬ ಕಾರಣವನ್ನೊಡ್ಡಿ ಅವನನ್ನು ಸುಮಾರು ಒಂದು ವಾರ ಪ್ಯಾರಿಸಿನ ಸೆರೆಮನೆಯಲ್ಲಿ ಇರಿಸಿದರು. ಬೇಸತ್ತು ರಾಜೀನಾಮೆ ಕೊಡಲು ಹೋದರೆ ಅದನ್ನೂ ಸ್ವೀಕರಿಸಲಿಲ್ಲ. ಮತ್ತೆ ಅದೇ ಕೆಲಸಕ್ಕೆ ಕಳುಹಿಸಿದರು. ಮತ್ತೆ ಅವನು ಅದೇ ಅಭಿಪ್ರಾಯವನ್ನು ಕೊಟ್ಟನು. ಕೊನೆಗೆ ಬ್ರಿಟನಿಯ ಪ್ರತಿನಿಧಿಗಳೇ ಅವನ ಮಾತು ನಿಜವೆಂದು ಒಪ್ಪಿ ದೊಡ್ಡ ಮೊತ್ತವನ್ನು ಕೊಡಲು ಬಂದರೆಂದೂ, ಅವನು ಹಣವನ್ನು ಮುಟ್ಟದೆ, ಆ ಪ್ರಾಂತ್ಯದ ಲಾಂಛನವಿದ್ದ, ಸೆಕೆಂಡಿನ ಮುಳ್ಳಿನ ಒಂದು ಗಡಿಯಾರವನ್ನು ಮಾತ್ರ ತೆಗೆದುಕೊಂಡನೆಂದೂ ಅವನ ಚರಿತ್ರಕಾರರು ಹೇಳುತ್ತಾರೆ. ಆ ಗಡಿಯಾರವನ್ನು ಅವನು ಮುಂದೆ ತನ್ನ ಪ್ರಯೋಗಗಳಲ್ಲಿ ಉಪಯೋಗಿಸುತ್ತಿದ್ದನಂತೆ.

ಇನ್ನು ತಕ್ಕಡಿ. 1785ರಲ್ಲಿ ಅಕಾಡೆಮಿಯ ಮುಂದೆ ಅವನು ವರ್ಣಿಸಿದ ಉಪಕರಣ ಹೀಗಿತ್ತು. ಹನ್ನೆರಡು ಅಂಗುಲ ಅಗಲ, ಹನ್ನೆರಡು ಅಂಗುಲ ಎತ್ತರದ ಗಾಜಿನ ಪಾತ್ರೆ. ಅದರ ಮುಚ್ಚಳದ ನಡುವೆ ನೆಟ್ಟಗೆ ನಿಂತ ಇಪ್ಪತ್ತನಾಲ್ಕು ಅಂಗುಲದ ಗಾಜಿನ ಕೊಳವೆ. ಕೊಳವೆಯ ನೆತ್ತಿಯಿಂದ ಇಳಿಬಿದ್ದ ಅತಿ ಸಣ್ಣ ಬೆಳ್ಳಿಯ ತಂತಿ. ತಂತಿಯ ಕೆಳತುದಿಯಲ್ಲಿ ಅರಗು ಸವರಿದ ತೆಳ್ಳನೆಯ ಕಡ್ಡಿಯೊಂದು ಅಡ್ಡವಾಗಿ ತೂಗುತ್ತಿತ್ತು. ಅದರ ಒಂದು ತುದಿಗೆ ಬಟಾಣಿ ಕಾಳಿನಷ್ಟು ಬೆಂಡಿನ ಗುಂಡು, ಇನ್ನೊಂದು ತುದಿಗೆ ಸಮತೂಕದ ಕಾಗದದ ಬಿಲ್ಲೆ. ಇನ್ನೊಂದು ಬೆಂಡಿನ ಗುಂಡನ್ನು ಮುಚ್ಚಳದ ರಂಧ್ರದಿಂದ ಇಳಿಬಿಟ್ಟು ಮೊದಲನೆಯದಕ್ಕೆ ತಾಗುವಂತೆ ಇಡಲಾಗಿತ್ತು. ಪಾತ್ರೆಯ ಸುತ್ತ ಡಿಗ್ರಿಗಳನ್ನು ಗುರುತಿಸಿದ ಪಟ್ಟಿ. ಮೇಲೆ, ತಂತಿಯನ್ನು ಬೇಕಾದಷ್ಟು ಡಿಗ್ರಿ ತಿರುಚಲು ಒಂದು ತಿರುಗಣಿ. ಇಷ್ಟೇ ಸಾಮಗ್ರಿ. ತಂತಿಯನ್ನು ಒಂದು ಪೂರ್ಣ ಸುತ್ತು ತಿರುಚಲು, ನಾಲ್ಕು ಅಂಗುಲದ ಕಡ್ಡಿಯ ತುದಿಯಲ್ಲಿ, ಒಂದು ಮಿಲಿಗ್ರಾಂ ತೂಕದ ಐದರಲ್ಲಿ ಒಂದು ಪಾಲಿಗಿಂತಲೂ ಕಡಮೆ ಬಲ ಸಾಕಾಗಿತ್ತು.

ಆವೇಶಗೊಳಿಸಿದ ಗುಂಡುಸೂಜಿಯ ತಲೆಯನ್ನು ಒಳಕ್ಕಿಳಿಸಿ ಎರಡು ಗುಂಡುಗಳಿಗೂ ತಾಗಿಸಿದೊಡನೆ ಎರಡಕ್ಕೂ ಸಮವಾದ ಆವೇಶ ಹಂಚಿಹೋಗಿ, ತೂಗುವ ಗುಂಡು ದೂರ ಸರಿಯಿತು; 36 ಡಿಗ್ರಿಯಲ್ಲಿ ನಿಂತಿತು. ಆಗ ತಂತಿಯ ತಿರುಚೂ 36 ಡಿಗ್ರಿ. ತಿರುಗಣಿಯನ್ನು 126 ಡಿಗ್ರಿ ತಿರುಗಿಸಿ ಗುಂಡುಗಳನ್ನು ಹತ್ತಿರಕ್ಕೆ ತಂದಾಗ ಅವುಗಳ ಅಂತರ 18 ಡಿಗ್ರಿಯಾಯಿತು. ಒಟ್ಟು ತಿರುಚು 126 ಮತ್ತು 18 ಸೇರಿ 144. ಇನ್ನೂ ತಿರುಗಿಸಿ 567 ಡಿಗ್ರಿಗೆ ತಂದಾಗ ಅಂತರ ಎಂಟೂವರೆ ಡಿಗ್ರಿ. ಒಟ್ಟು ತಿರುಚು ಸುಮಾರು 576. ವಾಚಕರು ಈ ಸಂಖ್ಯೆಗಳನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಬೇಕು. ಅಂತರ 36, 18, ಎಂಟೂವರೆ. ಬಲ 36, 144, 576. ಅಂತರ ಹೆಚ್ಚುಕಡಮೆ ಅರ್ಧವಾದಾಗಲೆಲ್ಲ ಬಲ ನಾಲ್ಕು ಪಟ್ಟು. ನ್ಯೂಟನ್ ಗುರುತ್ವಾಕರ್ಷಣೆಗೆ ಹೇಳಿದ ವಿಲೋಮ ವರ್ಗ ನಿಯಮವೇ ಇಲ್ಲಿ ಬೆಂಡಿನ ಗುಂಡುಗಳ ನಡುವೆಯೂ ಇತ್ತು. ಅವನು ಅಚ್ಚು ಮಾಡಿಸಿದ್ದು ಈ ಮೂರೇ ಅಳತೆಗಳನ್ನು.

ಇದು ವಿಕರ್ಷಣೆಯ ಮಾತಾಯಿತು. ವಿಜಾತೀಯ ಆವೇಶಗಳ ಆಕರ್ಷಣೆಯನ್ನು ಅಳೆಯಲು ಈ ತಕ್ಕಡಿ ಮೊಂಡುಬಿದ್ದಿತು: ಹತ್ತಿರ ತಂದರೆ ಗುಂಡುಗಳು ಓಡಿಬಂದು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಕೂಲಂಬನು ಉಪಾಯವನ್ನು ಬದಲಿಸಿದನು. ಒಂದು ಅಡಿ ವ್ಯಾಸದ ಲೋಹದ ಗೋಳಕ್ಕೆ ಆವೇಶ ಕೊಟ್ಟು, ಅದರ ಎದುರಿಗೆ ವಿಜಾತೀಯ ಆವೇಶವುಳ್ಳ ಸಣ್ಣ ಬಿಲ್ಲೆಯ ಕಡ್ಡಿಯನ್ನು ತೂಗುಬಿಟ್ಟು, ಅದು ಲೋಲಕದಂತೆ ಆಡುವ ಕಾಲವನ್ನು ಎಣಿಸಿದನು. ಗೋಳದ ಕೇಂದ್ರದಿಂದ 9 ಅಂಗುಲ ದೂರದಲ್ಲಿ ಹದಿನೈದು ಆಂದೋಲನಗಳಿಗೆ 20 ಸೆಕೆಂಡು. 18 ಅಂಗುಲದಲ್ಲಿ 41. 24 ಅಂಗುಲದಲ್ಲಿ 60. ವಿಲೋಮ ವರ್ಗ ನಿಯಮದ ಪ್ರಕಾರ 20, 40, 54 ಬರಬೇಕಾಗಿತ್ತು. ಕೊನೆಯದು ಆರು ಸೆಕೆಂಡು ತಪ್ಪಿತು. ಅವನು ಅದನ್ನು ಮುಚ್ಚಿಡಲಿಲ್ಲ; ಪ್ರಯೋಗ ನಡೆಯುವಾಗಲೇ ಆವೇಶವು ಗಾಳಿಗೆ ಸೋರಿಹೋಗುತ್ತದೆ, ಅದರಿಂದ ಕಾಲ ಹೆಚ್ಚಾಯಿತೆಂದು ಬರೆದನು. ಅಷ್ಟಕ್ಕೇ ಬಿಡದೆ ಮುಂದಿನ ಪ್ರಬಂಧದಲ್ಲಿ ಆ ಸೋರಿಕೆಯನ್ನೇ ಅಳೆದನು. ಮಳೆಗಾಲದ ದಿನ ನಮ್ಮ ಪ್ರಯೋಗಶಾಲೆಯಲ್ಲಿ ಎಬೊನೈಟ್ ಕೋಲನ್ನು ಎಷ್ಟು ಉಜ್ಜಿದರೂ ಎಲೆಕ್ಟ್ರೊಸ್ಕೋಪಿನ ಹಾಳೆಗಳು ಅಗಲುವುದಿಲ್ಲವಲ್ಲ. ನಾವು ಆಗ ಅಟೆಂಡರನ್ನು ಕರೆದು ಉಪಕರಣ ಕೆಟ್ಟಿದೆಯೆನ್ನುತ್ತೇವೆ. ಕೂಲಂಬನು ಅದೇ ಜಾಗದಲ್ಲಿ ಒಂದು ಪ್ರಬಂಧವನ್ನು ಬರೆದನು.

1785ರಿಂದ 1791ರವರೆಗೆ ಹೀಗೆ ಒಟ್ಟು ಏಳು ಪ್ರಬಂಧಗಳು ಬಂದವು. ವಾಹಕದಲ್ಲಿ ಆವೇಶವೆಲ್ಲವೂ ಹೊರಮೈಯಲ್ಲಿಯೇ ನಿಲ್ಲುತ್ತದೆಂದೂ, ಒಳಗೆ ಇರುವುದಿಲ್ಲವೆಂದೂ ಅವನು ತೋರಿಸಿದನು. ಕಾಂತಗಳ ಧ್ರುವಗಳ ನಡುವೆಯೂ ಅದೇ ವಿಲೋಮ ವರ್ಗ ನಿಯಮವಿದೆಯೆಂದು ಹೇಳಿದನು. ಆದರೆ ಎಲ್ಲವನ್ನೂ ಅವನು ಸರಿಯಾಗಿಯೇ ಕಂಡನೆಂದು ಹೊಗಳುವುದು ತಪ್ಪಾದೀತು. ವಿದ್ಯುತ್ತಿಗೆ ಎರಡು ದ್ರವಗಳು, ಕಾಂತತ್ವಕ್ಕೆ ಬೇರೆ ಎರಡು ದ್ರವಗಳು, ಇವಕ್ಕೂ ಅವಕ್ಕೂ ಯಾವ ಸಂಬಂಧವೂ ಇಲ್ಲ ಎಂಬುದು ಅವನ ಮತ. ಅವನ ಮಾತಿಗೆ ಎಷ್ಟು ತೂಕವಿತ್ತೆಂದರೆ, ಅವನು ತೀರಿಕೊಂಡ ಮೇಲೂ ಫ್ರಾನ್ಸಿನ ವಿದ್ವಾಂಸರು ಆ ಸಂಬಂಧವನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಎಂಬವನು ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಅಲುಗಿದ್ದನ್ನು ಪ್ರಕಟಿಸಿದ ಮೇಲೆಯೇ ಆಂಪೇರನು ಕೂಲಂಬನ ಮತವನ್ನು ತಳ್ಳಿಹಾಕಿ ಮುಂದುವರಿದನು. ದಿಕ್ಸೂಚಿಯ ಮುಳ್ಳನ್ನು ಕೂಲಂಬನಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲವೆಂಬುದನ್ನು ನೆನೆದರೆ ಇದು ವಿಚಿತ್ರವಾಗಿ ತೋರುತ್ತದೆ.

ಈ ನಿಯಮವನ್ನು ಮೊದಲು ಕಂಡವನು ಕೂಲಂಬನೇ ಅಲ್ಲ ಎಂಬ ತಕರಾರೂ ಇದೆ. ಇಂಗ್ಲೆಂಡಿನ ಪ್ರೀಸ್ಟ್ಲಿ 1767ರಲ್ಲಿಯೇ ಇದನ್ನು ಊಹಿಸಿದ್ದನು. ಸ್ಕಾಟ್ಲೆಂಡಿನ ರಾಬಿಸನ್ 1769ರಲ್ಲಿ ಅಳೆದು ನೋಡಿದ್ದನು. ಎಲ್ಲಕ್ಕಿಂತ ಹೆಚ್ಚಾಗಿ, 1770ರ ದಶಕದ ಮೊದಲಲ್ಲಿ ಲಂಡನ್ನಿನ ಕ್ಯಾವೆಂಡಿಷ್, ಒಂದರೊಳಗೊಂದಿಟ್ಟ ಎರಡು ಗೋಳಗಳ ಪ್ರಯೋಗದಿಂದ, ಕೂಲಂಬನಿಗಿಂತ ಮೇಲಾದ ನಿಖರತೆಯಿಂದಲೇ ಇದನ್ನು ಸ್ಥಾಪಿಸಿದ್ದನು. ಆದರೆ ಆ ಶ್ರೀಮಂತ ಮೌನಿಯು ಅದನ್ನು ಯಾರಿಗೂ ಹೇಳದೆ ಪೆಟ್ಟಿಗೆಯಲ್ಲಿಟ್ಟನು. ಮ್ಯಾಕ್ಸ್‌ವೆಲ್ ಆ ಕಾಗದಗಳನ್ನು ಹೊರತೆಗೆದು ಅಚ್ಚು ಮಾಡಿಸಿದ್ದು 1879ರಲ್ಲಿ. ಬುದ್ಧಿಯ ಪಂದ್ಯದಲ್ಲಿ ಕ್ಯಾವೆಂಡಿಷನೇ ಗೆದ್ದನೆಂದು ಒಪ್ಪಬೇಕು. ಆದರೂ ಕೂಲಂಬನು ಉಪಕರಣವನ್ನು ಅಂಗುಲ ಅಂಗುಲವಾಗಿ ವರ್ಣಿಸಿ, ಬೇಕಾದವರು ಮಾಡಿ ನೋಡಿ ಎಂದು ಎಲ್ಲರ ಮುಂದಿಟ್ಟನು. ಅವನ ತಕ್ಕಡಿಯು ಅಷ್ಟು ಸುಲಭದ್ದಲ್ಲವೆಂಬುದು ಬೇರೆ ಮಾತು. 1990ರ ದಶಕದಲ್ಲಿ ಜರ್ಮನಿಯ ಸಂಶೋಧಕರೊಬ್ಬರು ಅದೇ ಅಳತೆಯ ಉಪಕರಣವನ್ನು ಮಾಡಿ ನೋಡಿದಾಗ ಕೂಲಂಬನ ಸಂಖ್ಯೆಗಳು ಬರಲೇ ಇಲ್ಲ. ಅವನು ನಿಜವಾಗಿ ಅಳೆದನೇ ಎಂಬ ಅನುಮಾನವೂ ಎದ್ದಿತು. 2006ರಲ್ಲಿ ಪ್ರಕಟವಾದ ಇನ್ನೊಬ್ಬರ ಪ್ರಯತ್ನದಲ್ಲಿ, ಅವನ ಸೂಚನೆಗಳನ್ನು ಹೆಚ್ಚು ಎಚ್ಚರಿಕೆಯಿಂದ ಅನುಸರಿಸಿದಾಗ, ಅವನು ಕೊಟ್ಟಂಥ ಅಳತೆಗಳೇ ದೊರೆತವು.

ಇಷ್ಟರಲ್ಲಿ ಫ್ರಾನ್ಸಿನಲ್ಲಿ ಕಾಲ ಕೆಟ್ಟಿತು. 1789ರಲ್ಲಿ ಮಹಾಕ್ರಾಂತಿ ಆರಂಭವಾಯಿತು. ಕೂಲಂಬನು 1791ರಲ್ಲಿ ಸೈನ್ಯದ ಕೆಲಸವನ್ನು ಬಿಟ್ಟನು. 1793ರ ಆಗಸ್ಟಿನಲ್ಲಿ ಅಕಾಡೆಮಿಯನ್ನೇ ಮುಚ್ಚಿದರು. ತೂಕ ಅಳತೆಗಳನ್ನು ಸುಧಾರಿಸಲು, ಎಂದರೆ ಇಂದು ನಾವು ಬಳಸುವ ಮೀಟರು ಕಿಲೋಗ್ರಾಮುಗಳನ್ನು ರೂಪಿಸಲು, ನೇಮಕವಾಗಿದ್ದ ಸಮಿತಿಯಲ್ಲಿ ಅವನೂ ಇದ್ದನು. ಅದೇ ವರ್ಷದ ಡಿಸೆಂಬರಿನಲ್ಲಿ ಲವಾಸಿಯೇ, ಲಾಪ್ಲಾಸ್, ಬೋರ್ಡಾ ಮೊದಲಾದವರೊಡನೆ ಅವನನ್ನೂ ಆ ಸಮಿತಿಯಿಂದ ತೆಗೆದುಹಾಕಿದರು. ಲವಾಸಿಯೇ ಮುಂದಿನ ಮೇ ತಿಂಗಳಲ್ಲಿ ಗಿಲೊಟಿನ್ನಿಗೆ ತಲೆಕೊಟ್ಟನು. ಕೂಲಂಬನು ಗೆಳೆಯ ಬೋರ್ಡಾನೊಡನೆ ಬ್ಲ್ವಾ ಊರಿನ ಬಳಿ ತನಗಿದ್ದ ಹಳ್ಳಿಮನೆಗೆ ಹೋಗಿ ತಲೆ ತಗ್ಗಿಸಿಕೊಂಡಿದ್ದು ಉಳಿದುಕೊಂಡನು. ಅಳತೆಯ ಸಮಿತಿಯಿಂದ ಹೊರದೂಡಲ್ಪಟ್ಟವನ ಹೆಸರೇ ಒಂದು ದಿನ ಅಳತೆಯ ಏಕಮಾನವಾಗುವುದೆಂದು ಆಗ ಯಾರೂ ಎಣಿಸಿರಲಾರರು.

ಭಯದ ಕಾಲ ಕಳೆದು 1795ರಲ್ಲಿ ಅಕಾಡೆಮಿಯ ಸ್ಥಾನದಲ್ಲಿ ಹೊಸ ರಾಷ್ಟ್ರೀಯ ವಿದ್ವತ್ ಸಂಸ್ಥೆ ಏರ್ಪಟ್ಟಾಗ ಕೂಲಂಬನೂ ಅದರ ಸದಸ್ಯನಾಗಿ ಹಿಂದಿರುಗಿದನು. ಈ ಕಾಲದಲ್ಲಿ ಅವನು ಪ್ರಕಟಿಸಿದ ಒಂದು ಪ್ರಬಂಧ ನನಗೆ ವಿಶೇಷವಾಗಿ ಪ್ರಿಯವಾದುದು. ವಿಷಯ: ಮನುಷ್ಯನು ಒಂದು ದಿನದಲ್ಲಿ ಎಷ್ಟು ಕೆಲಸ ಮಾಡಬಲ್ಲ? ಮೆಟ್ಟಿಲು ಹತ್ತುವವನು, ಸೌದೆ ಹೊರುವವನು, ಗುದ್ದಲಿ ಹಿಡಿದವನು, ಮಣ್ಣಿನ ಗಾಡಿ ನೂಕುವವನು, ಇವರೆಲ್ಲರ ದುಡಿಮೆಯನ್ನು ಅವನು ಅಳೆದಿದ್ದಾನೆ. ಬೆನ್ನಿನ ಮೇಲೆ 68 ಕಿಲೋಗ್ರಾಂ ಹೊರೆ ಹೊತ್ತು ಮೆಟ್ಟಿಲೇರುವವನ ದಿನದ ಒಟ್ಟು ಕೆಲಸವು, ಬರಿಗೈಯಲ್ಲಿ ಏರುವವನದಕ್ಕಿಂತ ಸುಮಾರು ಅರ್ಧಕ್ಕೆ ಇಳಿಯುತ್ತದೆಂದು ಕಂಡುಕೊಂಡಿದ್ದಾನೆ. ಹೆಚ್ಚು ಹೇರಿದರೆ ಹೆಚ್ಚು ಕೆಲಸವೆಂಬ ಧಣಿಗಳ ಎಣಿಕೆ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಮಾರ್ಟಿನಿಕ್ಕಿನ ಸೆಕೆಯಲ್ಲಿ ಆಳುಗಳು ಫ್ರಾನ್ಸಿನ ಅರ್ಧದಷ್ಟನ್ನೂ ಮಾಡಲಾರರೆಂಬುದನ್ನೂ ಅಲ್ಲಿ ನೆನೆದಿದ್ದಾನೆ. ಮೂವತ್ತು ವರ್ಷಗಳ ಮೇಲೂ ಆ ಬೆಟ್ಟದ ಕೂಲಿಗಳನ್ನು ಅವನು ಮರೆತಿರಲಿಲ್ಲ.

ವೋಲ್ಟಾ ತನ್ನ ಹೊಸ ವಿದ್ಯುತ್ಕೋಶವನ್ನು 1801ರಲ್ಲಿ ಪ್ಯಾರಿಸಿಗೆ ತಂದು ನೆಪೋಲಿಯನ್ನನ ಎದುರಿಗೆ ತೋರಿಸಿದಾಗ ಅದನ್ನು ಪರಿಶೀಲಿಸಿದ ಸಮಿತಿಯಲ್ಲಿ ವೃದ್ಧ ಕೂಲಂಬನೂ ಇದ್ದನು. ನಿರಂತರವಾಗಿ ಹರಿಯುವ ವಿದ್ಯುತ್ತನ್ನು ಅವನು ಕಣ್ಣಾರೆ ಕಂಡನು, ಆದರೆ ಅದರ ಮೇಲೆ ಕೆಲಸ ಮಾಡುವ ಆಯುಷ್ಯ ಉಳಿದಿರಲಿಲ್ಲ. 1802ರಲ್ಲಿ ಅವನು ಲೂಯಿಸ್ ಎಂಬಾಕೆಯನ್ನು ವಿಧಿಪೂರ್ವಕವಾಗಿ ಮದುವೆಯಾದನು. ಅಷ್ಟರಲ್ಲಿ ಅವರಿಗೆ ಇಬ್ಬರು ಗಂಡುಮಕ್ಕಳಿದ್ದರು. ಅದೇ ವರ್ಷ ಸಾರ್ವಜನಿಕ ಶಿಕ್ಷಣದ ಇನ್‌ಸ್ಪೆಕ್ಟರನಾಗಿ ನೇಮಕಗೊಂಡು, ಫ್ರಾನ್ಸಿನಲ್ಲೆಲ್ಲ ಲೀಸೆ ಎಂಬ ಪ್ರೌಢಶಾಲೆಗಳನ್ನು ತೆರೆಯುವ ಕಾರ್ಯದಲ್ಲಿ ತೊಡಗಿದನು. ಮಾರ್ಟಿನಿಕ್ಕಿನಲ್ಲಿ ಹಾಳಾಗಿದ್ದ ಶರೀರ ಆ ಶ್ರಮವನ್ನು ಬಹುಕಾಲ ತಡೆಯಲಿಲ್ಲ. 1806ನೆಯ ಇಸವಿ ಆಗಸ್ಟ್ 23ರಂದು ಪ್ಯಾರಿಸಿನಲ್ಲಿ ಅವನು ಕಾಲವಾದನು. ಎಪ್ಪತ್ತು ವರ್ಷ ತುಂಬಿ ಎರಡು ತಿಂಗಳಾಗಿತ್ತು.

ಅವನ ಹೆಸರು ಏಕಮಾನವಾದದ್ದು 75 ವರ್ಷಗಳ ನಂತರ. 1881ರಲ್ಲಿ ಪ್ಯಾರಿಸಿನಲ್ಲಿ ಕೂಡಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ಪ್ರವಾಹದ ಏಕಮಾನಕ್ಕೆ ಆಂಪೇರನ ಹೆಸರನ್ನೂ ಆವೇಶದ ಏಕಮಾನಕ್ಕೆ ಕೂಲಂಬನ ಹೆಸರನ್ನೂ ಇಟ್ಟಿತು. ಆಗ ಆ ಜನರಿಗೆ ಬೇಕಾಗಿದ್ದುದು ತಂತಿ ವರ್ತಮಾನಕ್ಕೂ ದೀಪಗಳಿಗೂ ಒದಗುವ ಅಳತೆ. ಬೆಂಡಿನ ಗುಂಡಿಗೆ ಒದಗುವುದಲ್ಲ. ಆದುದರಿಂದ ಈ ಏಕಮಾನವು ಬಹು ದೊಡ್ಡದಾಯಿತು. 60 ವಾಟಿನ ಬುರುಡೆಯಲ್ಲಿ ಒಂದು ಕೂಲಂಬ್ ಹರಿಯಲು ಸುಮಾರು ನಾಲ್ಕು ಸೆಕೆಂಡು ಸಾಕು. ನಮ್ಮ ಮೊಬೈಲ್ ಫೋನಿನ ಬ್ಯಾಟರಿಯ ಮೇಲೆ 5000 ಮಿಲಿ ಆಂಪೇರ್ ಗಂಟೆ ಎಂದು ಬರೆದಿದ್ದರೆ ಅದು 18,000 ಕೂಲಂಬ್. ಆದರೆ ಇದು ತಂತಿಯೊಳಗೆ ಧನವೂ ಋಣವೂ ಸರಿದೂಗಿರುವಾಗ ಹರಿಯುವ ಆವೇಶ. ಬಿಡಿಯಾಗಿ ಒಂದು ಕಡೆ ಒಂದು ಕೂಲಂಬನ್ನು ಕೂಡಿಸಿಡುವುದು ಬೇರೆಯೇ ವಿಷಯ. ಹಾಗೆ ಎರಡು ಕೂಲಂಬುಗಳನ್ನು ಒಂದು ಮೀಟರ್ ಅಂತರದಲ್ಲಿ ಇಡಬಹುದಾದರೆ ಅವು ಒಂದನ್ನೊಂದು ನೂಕುವ ಬಲವು 900 ಕೋಟಿ ನ್ಯೂಟನ್, ಎಂದರೆ ಒಂಬತ್ತು ಲಕ್ಷ ಟನ್ನಿಗೂ ಮೀರಿದ ತೂಕ.

2019ನೆಯ ಇಸವಿ ಮೇ 20ರಿಂದ ಈ ಏಕಮಾನಕ್ಕೆ ಹೊಸ ಆಧಾರವನ್ನು ಕೊಟ್ಟಿದ್ದಾರೆ. ಮೊದಲು ಎರಡು ತಂತಿಗಳ ನಡುವಣ ಬಲದಿಂದ ಆಂಪೇರನ್ನು ನಿರ್ಣಯಿಸಿ ಅದರಿಂದ ಕೂಲಂಬನ್ನು ಪಡೆಯುತ್ತಿದ್ದರು. ಈಗ ಪ್ರೋಟಾನಿನ ಆವೇಶವೇ 1.602176634 × 10⁻¹⁹ ಕೂಲಂಬ್ ಎಂದು ನಿಶ್ಚಯ ಮಾಡಿದ್ದಾರೆ. ಇಲೆಕ್ಟ್ರಾನಿನದೂ ಅಷ್ಟೇ, ಋಣವಾಗಿ. ಹಾಗಾಗಿ ಒಂದು ಕೂಲಂಬ್ ಎಂದರೆ ಸುಮಾರು 6.24 × 10¹⁸ ಇಲೆಕ್ಟ್ರಾನುಗಳ ಆವೇಶ.

ಈ ಲೇಖನಕ್ಕಾಗಿ ನಾನು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಿದೆನು. ಕೂಲಂಬನು ಕೊಟ್ಟ ತಂತಿಯ ಬಲ, ಕಡ್ಡಿಯ ನಾಲ್ಕು ಅಂಗುಲ ಉದ್ದ, 36 ಡಿಗ್ರಿಯ ಅಂತರ ಇವುಗಳನ್ನು ಇಂದಿನ ಅಳತೆಗೆ ತಿರುಗಿಸಿ, ಅವನದೇ ನಿಯಮವನ್ನು ಅನ್ವಯಿಸಿದರೆ, ಅಂದು ಆ ಬೆಂಡಿನ ಗುಂಡಿನ ಮೇಲಿದ್ದ ಆವೇಶ ಎಷ್ಟೆಂದು ತಿಳಿಯುತ್ತದೆ. ಅದು ಒಂದು ಕೂಲಂಬಿನ ನೂರು ಕೋಟಿಯಲ್ಲಿ ಒಂದು ಪಾಲಿಗೂ ಕಡಮೆ. ಸುಮಾರು ಅದರ ಮೂರರಲ್ಲಿ ಒಂದು.